ಸುಂಕದ ಪಟ್ಟಿಯಲ್ಲಿ ವಿದೇಶಾಂಗ ನೀತಿ ಓದುವುದು ಹೇಗೆ

ರಫ್ತು ಮಾಡುವ ಕಚೇರಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ಸರ್ಟಿಫಿಕೇಟ್ ಆಫ್ ಒರಿಜಿನ್. ಇಪ್ಪತ್ತಾರು ವರ್ಷ ಇವುಗಳ ಜೊತೆಗೇ ಕಳೆಯಿತು. ವಿದೇಶಾಂಗ ನೀತಿ ಎಂದರೆ ಟೀವಿಯಲ್ಲಿ ಕೈಕುಲುಕುವವರ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ. ಹೀಗಿರುವಾಗ ನಮ್ಮ ಒಂದು ಕಂಟೇನರ್ ಪರದೇಶದ ಬಂದರಿನಲ್ಲಿ ಹತ್ತೊಂಬತ್ತು ದಿನ ಕೂತುಬಿಟ್ಟಿತು. ಸುಂಕ ಏರಿರಲಿಲ್ಲ, ನಿಯಮ ಬದಲಾಗಿರಲಿಲ್ಲ, ಕಾಗದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎರಡು ದಿನಕ್ಕೆ ಮುಗಿಯುತ್ತಿದ್ದ ಲ್ಯಾಬ್ ಪರೀಕ್ಷೆಯನ್ನು ಮೂರು ಸಲ ಮಾಡಿದರು. ಅಲ್ಲಿನ ಏಜೆಂಟರಿಗೆ ಫೋನ್ ಮಾಡಿದರೆ, "ಮಾಲಿನಲ್ಲಿ ಏನೂ ತೊಂದರೆಯಿಲ್ಲ ಸಾರ್, ನಿಮ್ಮ ಮಂತ್ರಿಗಳು ಹೋದ ವಾರ ಏನು ಮಾತಾಡಿದರು ಅಂತ ಪೇಪರ್ ತೆಗೆದು ನೋಡಿ" ಅಂದರು. ನೋಡಿದೆ. ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಿತ್ತು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಎರಡು ದೇಶಗಳ ನಡುವಿನ ವ್ಯಾಪಾರದ ಸುದ್ದಿ ಬಂದಾಗ ಅದು ಬರೀ ವ್ಯಾಪಾರವೋ, ವ್ಯಾಪಾರದ ಬಾಯಲ್ಲಿ ಆಡಿಸಿದ ರಾಜಕೀಯದ ಮಾತೋ ಎಂದು ತಿಳಿಯಲು ನನಗೆ ಈ ಪುಸ್ತಕ ಸಾಕು. ನೀವೂ ಶುರು ಮಾಡಬಹುದು. ಪುಟಕ್ಕೆ ಐದು ಕಾಲಂ ಹಾಕಿ: ದಿನಾಂಕ, ಸರಕು ಮತ್ತು ಅದರ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಅಂಕಿ), ಸರ್ಕಾರ ಹೇಳಿದ ಕಾರಣ, ಅದಕ್ಕೆ ಹಿಂದಿನ ಮೂರು ತಿಂಗಳಲ್ಲಿ ಆ ಎರಡು ದೇಶಗಳ ನಡುವೆ ನಡೆದದ್ದು, ಕೊನೆಯದನ್ನು ಖಾಲಿ ಬಿಡಿ. ನಿರ್ಬಂಧ ತೆರವಾದ ದಿನ ಅಲ್ಲಿಗೆ ಬರುತ್ತದೆ. ಕೆಲವು ಸಲ ವರ್ಷಗಟ್ಟಲೆ ಕಾಯಬೇಕು.

ಮೊದಲು ದಿನಾಂಕ

ಸರ್ಕಾರ ಕೊಡುವ ಕಾರಣಕ್ಕಿಂತ ದಿನಾಂಕವನ್ನು ಹೆಚ್ಚು ನಂಬಿ. ಕಾರಣವನ್ನು ಯಾರೋ ಕೂತು ಬರೆದಿರುತ್ತಾರೆ. ದಿನಾಂಕವನ್ನು ಅಷ್ಟು ಸುಲಭವಾಗಿ ತಿದ್ದಲು ಆಗುವುದಿಲ್ಲ.

ನನ್ನ ಪುಸ್ತಕದ ಒಂದು ಪುಟ ತೋರಿಸುತ್ತೇನೆ. 2018ರ ಮಾರ್ಚ್‌ನಲ್ಲಿ ಅಮೆರಿಕ ಉಕ್ಕಿನ ಮೇಲೆ ಶೇ 25, ಅಲ್ಯೂಮಿನಿಯಂ ಮೇಲೆ ಶೇ 10 ಸುಂಕ ಹಾಕಿತು. ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ. ಭಾರತ ಜೂನ್‌ನಲ್ಲಿ ಮರುಸುಂಕದ ಪಟ್ಟಿ ಪ್ರಕಟಿಸಿತು. ಆದರೆ ಜಾರಿಗೆ ತರದೆ ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕುತ್ತ ಬಂತು. ಈ ಮುಂದೂಡಿಕೆಯನ್ನೂ ಬರೆದಿಟ್ಟುಕೊಳ್ಳಿ. ಮಾತುಕತೆ ಇನ್ನೂ ಮುರಿದಿಲ್ಲ ಎಂದು ಅದು ಹೇಳುತ್ತಿದೆ. 2019ರ ಜೂನ್ 5ರಂದು ಅಮೆರಿಕ ಭಾರತಕ್ಕೆ ಕೊಡುತ್ತಿದ್ದ ಜಿಎಸ್‌ಪಿ ಸುಂಕ ರಿಯಾಯಿತಿ (ಬೆಳೆಯುತ್ತಿರುವ ದೇಶಗಳ ಸರಕಿಗೆ ಕೊಡುವಂಥದ್ದು) ನಿಲ್ಲಿಸಿತು. ಹನ್ನೊಂದೇ ದಿನ. ಜೂನ್ 16ಕ್ಕೆ ಭಾರತ 28 ಸರಕುಗಳ ಮೇಲೆ ಹೆಚ್ಚುವರಿ ಸುಂಕ ಜಾರಿ ಮಾಡಿತು. ಬಾದಾಮಿ, ಸೇಬು, ಅಕ್ರೋಟು, ಕಡಲೆ, ಬೇಳೆ. ಸಿಪ್ಪೆಯಿರುವ ಅಕ್ರೋಟಿನ ಸುಂಕ ಶೇ 30ರಿಂದ 120ಕ್ಕೆ ಹಾರಿತು, ಸೇಬಿನದು 50ರಿಂದ 70ಕ್ಕೆ.

ಈ ಪುಟದ ಐದನೇ ಕಾಲಂ ನಾಲ್ಕು ವರ್ಷ ಖಾಲಿ ಇತ್ತು. 2023ರ ಜೂನ್‌ನಲ್ಲಿ ಪ್ರಧಾನಿ ವಾಷಿಂಗ್ಟನ್‌ಗೆ ಹೋದಾಗ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದ್ದ ಆರು ತಕರಾರುಗಳನ್ನು ಕೈಬಿಡಲು ಎರಡೂ ಕಡೆ ಒಪ್ಪಿದರು. ಸುಂಕ ತೆಗೆದ ಅಧಿಸೂಚನೆ ಬಂದದ್ದು ಸೆಪ್ಟೆಂಬರ್ ಮೊದಲ ವಾರ, ಅಮೆರಿಕದ ಅಧ್ಯಕ್ಷರು ದೆಹಲಿಯ ಜಿ20 ಸಭೆಗೆ ಬಂದಿಳಿಯುವ ಎರಡು ಮೂರು ದಿನ ಮೊದಲು. ಅಕ್ರೋಟಿನ ಬೆಳೆಯಲ್ಲಾಗಲಿ ಬೆಲೆಯಲ್ಲಾಗಲಿ ಆ ವಾರ ಅಂಥ ವಿಶೇಷವೇನೂ ಆಗಿರಲಿಲ್ಲ. ಸೇಬಿನ ಮೂಲ ಸುಂಕ ಶೇ 50 ಹಾಗೇ ಉಳಿಯಿತು. ಹೋದದ್ದು ಸಿಟ್ಟಿನ ಶೇ 20 ಮಾತ್ರ. ಒಂದೇ ಸುಂಕದೊಳಗೆ ಬೆಳೆಗಾರರ ರಕ್ಷಣೆಗೆ ಎಷ್ಟು, ಎದುರಿನವರಿಗೆ ಉತ್ತರ ಕೊಡಲು ಎಷ್ಟು ಎಂದು ಇಷ್ಟು ಸ್ಪಷ್ಟವಾಗಿ ಬೇರೆಯಾಗಿ ಕಂಡದ್ದು ನನಗೆ ಅಪರೂಪ.

ಆಮೇಲೆ ಸರಕು

ಯಾವ ಸರಕಿಗೆ ಪೆಟ್ಟು ಎಂದು ನೋಡುವಾಗ ಅದು ಯಾರ ಹೊಲದಲ್ಲಿ ಬೆಳೆಯುತ್ತದೆ, ಯಾವ ಕ್ಷೇತ್ರದಲ್ಲಿ ತಯಾರಾಗುತ್ತದೆ ಎಂದೂ ಕೇಳಿ. ಅಮೆರಿಕದ ಬಾದಾಮಿ ಹೆಚ್ಚುಕಮ್ಮಿ ಪೂರ್ತಿ ಕ್ಯಾಲಿಫೋರ್ನಿಯಾದ್ದು, ಸೇಬಿಗೆ ವಾಷಿಂಗ್ಟನ್ ರಾಜ್ಯ ಹೆಸರುವಾಸಿ. ಬೆಳೆಗಾರರು ತಮ್ಮ ಸಂಸದರ ಕಚೇರಿಗೆ ಫೋನ್ ಮಾಡುತ್ತಾರೆ, ಸಂಸದರು ವ್ಯಾಪಾರ ಪ್ರತಿನಿಧಿಗೆ ಪತ್ರ ಬರೆಯುತ್ತಾರೆ. ಐರೋಪ್ಯ ಒಕ್ಕೂಟ ಅದೇ 2018ರಲ್ಲಿ ಇನ್ನೂ ಚೆನ್ನಾಗಿ ಗುರಿಯಿಟ್ಟಿತು: ಬರ್ಬನ್ ವಿಸ್ಕಿ, ಮೋಟರ್‌ಸೈಕಲ್, ಜೀನ್ಸ್. ಬರ್ಬನ್ ಎಂದರೆ ಕೆಂಟಕಿ, ಸೆನೆಟ್‌ನ ಆಗಿನ ಆಡಳಿತ ಪಕ್ಷದ ನಾಯಕರ ರಾಜ್ಯ. ಮೋಟರ್‌ಸೈಕಲ್ ಎಂದರೆ ವಿಸ್ಕಾನ್ಸಿನ್, ಕೆಳಮನೆಯ ಆಗಿನ ಸ್ಪೀಕರ್ ಅವರದ್ದು. ಬ್ರಸೆಲ್ಸ್‌ನಲ್ಲಿ ಕೂತು ಆ ಪಟ್ಟಿ ಮಾಡಿದವರ ಪಕ್ಕದಲ್ಲಿ ಅಮೆರಿಕದ ಚುನಾವಣಾ ನಕ್ಷೆ ಇದ್ದಿರಲೇಬೇಕು.

ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಹೆಚ್ಚು ಹೇಳುತ್ತದೆ. ಈ ಪಾಠ ನನಗೆ ಸಿಕ್ಕಿದ್ದು ಆಸ್ಟ್ರೇಲಿಯಾದಿಂದ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಕೋವಿಡ್ ಎಲ್ಲಿಂದ ಹುಟ್ಟಿತೆಂದು ಸ್ವತಂತ್ರ ತನಿಖೆ ಆಗಲಿ ಎಂದಿತು. ಮೇ ತಿಂಗಳಲ್ಲಿ ಚೀನಾ ನಾಲ್ಕು ಕಸಾಯಿಖಾನೆಗಳ ದನದ ಮಾಂಸ ನಿಲ್ಲಿಸಿತು. ಒಂದು ವಾರದಲ್ಲಿ ಬಾರ್ಲಿ ಮೇಲೆ ಶೇ 80.5 ಸುಂಕ. ವರ್ಷ ಮುಗಿಯುವುದರೊಳಗೆ ಕಲ್ಲಿದ್ದಲಿನ ಹಡಗುಗಳು ಚೀನಾದ ಬಂದರುಗಳ ಹೊರಗೆ ನಿಂತವು, ಜೀವಂತ ಲಾಬ್‌ಸ್ಟರ್‌ಗಳ ತಪಾಸಣೆ ಎಳೆಯತೊಡಗಿತು. ವೈನ್ ಮೇಲಿನ ಸುಂಕ ಮರುವರ್ಷ ಶೇ 218ರವರೆಗೆ ಹೋಯಿತು. ಬಾರ್ಲಿಗೂ ವೈನ್‌ಗೂ ಹೇಳಿದ ಕಾರಣ ಡಂಪಿಂಗ್, ಅಂದರೆ ಅತಿ ಅಗ್ಗಕ್ಕೆ ತಂದು ಸುರಿಯುವುದು.

ಇಷ್ಟೆಲ್ಲ ಬರೆದುಕೊಂಡ ಮೇಲೆ ಪುಟದ ಕೆಳಗೆ ಒಂದೇ ಪದ ಬರೆದು ಸುತ್ತ ಗೆರೆ ಹಾಕಿದೆ: ಕಬ್ಬಿಣದ ಅದಿರು. ಚೀನಾ ಹೊರಗಿಂದ ತರಿಸುವ ಅದಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಸ್ಟ್ರೇಲಿಯಾದ್ದು. ಅದರ ಮೇಲೆ ಕೈಯಿಡಲಿಲ್ಲ. ಬಾರ್ಲಿ ಬೇರೆ ಕಡೆ ಸಿಗುತ್ತದೆ, ವೈನ್ ಇಲ್ಲದಿದ್ದರೂ ನಡೆಯುತ್ತದೆ, ಅದಿರಿಲ್ಲದೆ ಉಕ್ಕಿನ ಕಾರ್ಖಾನೆ ನಡೆಯುವುದಿಲ್ಲ. ಶಿಕ್ಷಿಸುವವನು ತನಗೆ ನೋವಾಗದ ಕಡೆಯೇ ಹೊಡೆಯುತ್ತಾನೆ. ಹಾಗಾಗಿ ಸುದ್ದಿ ಓದಿದ ಕೂಡಲೇ ಆ ಎರಡು ದೇಶಗಳ ನಡುವೆ ಅತಿ ಹೆಚ್ಚು ಸಾಗುವ ಮೊದಲ ಐದು ಸರಕು ಯಾವುವೆಂದು ನೋಡಿ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಅಂಕಿಅಂಶ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ಮೊದಲನೆಯದನ್ನು ಮುಟ್ಟದೆ ನಾಲ್ಕನೆಯದಕ್ಕೋ ಐದನೆಯದಕ್ಕೋ ಹೊಡೆದಿದ್ದರೆ ಮಾತುಕತೆಗೆ ಜಾಗ ಉಳಿಸಿಕೊಂಡಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ.

ಕೋಡ್ ಎಂದರೆ ಬೇಸರ ಬೇಡ

ಎಚ್‌ಎಸ್ ಕೋಡ್‌ನ ಮೊದಲ ಆರು ಅಂಕಿ ಆ ಪದ್ಧತಿ ಬಳಸುವ ಎಲ್ಲ ದೇಶಗಳಲ್ಲೂ ಒಂದೇ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ನನ್ನ ಸಹೋದ್ಯೋಗಿಗಳು ಇದನ್ನು ಜಾತಕ ಅನ್ನುತ್ತಿದ್ದರು. ಒಂದಂಕಿ ತಪ್ಪಿದರೆ ಮಾಲು ಬಂದರಿನಲ್ಲೇ ಕೊಳೆಯುವುದು ಖಾತ್ರಿ. ವಿದೇಶಾಂಗ ನೀತಿ ಓದುವವರಿಗೂ ಈ ಅಂಕಿಗಳು ಬೇಕು, ಯಾಕೆಂದರೆ ಅಧಿಸೂಚನೆಗಳಲ್ಲಿ ಎಷ್ಟೋ ಸಲ ದೇಶದ ಹೆಸರೇ ಇರುವುದಿಲ್ಲ.

ತಾಳೆಎಣ್ಣೆಯ ಶೀರ್ಷಿಕೆ ಸಂಖ್ಯೆ 1511. ಕಚ್ಚಾ ಎಣ್ಣೆ 1511.10, ಸಂಸ್ಕರಿಸಿದ್ದು 1511.90. 2019ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಅಂದಿನ ಪ್ರಧಾನಿ ಮಹಾತಿರ್ ಮೊಹಮದ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಭಾರತವನ್ನು ಟೀಕಿಸಿದರು. 2020ರ ಜನವರಿ 8ರಂದು ಭಾರತ ಸಂಸ್ಕರಿಸಿದ ತಾಳೆಎಣ್ಣೆಯ ಆಮದನ್ನು 'ಮುಕ್ತ' ವರ್ಗದಿಂದ 'ನಿರ್ಬಂಧಿತ' ವರ್ಗಕ್ಕೆ ಸರಿಸಿತು. ಆಗ ತರಿಸಲು ಲೈಸೆನ್ಸ್ ಬೇಕಾಯಿತು. ಅಧಿಸೂಚನೆಯಲ್ಲಿ ಮಲೇಷ್ಯಾ ಎಂಬ ಪದವಿಲ್ಲ. ಎಲ್ಲ ದೇಶಗಳಿಗೂ ಅನ್ವಯ. ಆದರೆ ಸಂಸ್ಕರಿಸಿದ ಎಣ್ಣೆ ಆಗ ಹೆಚ್ಚಾಗಿ ಬರುತ್ತಿದ್ದದ್ದು ಮಲೇಷ್ಯಾದಿಂದ. ಇಂಡೋನೇಷ್ಯಾದ ಎಣ್ಣೆ ಆಗ ಬಹುಪಾಲು ಕಚ್ಚಾ ಆಗಿತ್ತು. ದೇಶೀ ಸಂಸ್ಕರಣಾ ಉದ್ಯಮವೂ ಬಹಳ ದಿನದಿಂದ ಇದನ್ನೇ ಕೇಳುತ್ತಿತ್ತು, ಅದೂ ನಿಜ. ಇಂಥ ಕಡೆ ಮೂರನೇ ಕಾಲಂನಲ್ಲಿ ಎರಡು ಕಾರಣವನ್ನೂ ಬರೆಯಿರಿ. ಮನೆಯೊಳಗಿನ ಬೇಡಿಕೆಯೂ ಹೊರಗಿನ ಸಿಟ್ಟೂ ಒಂದೇ ಕೋಡಿನಲ್ಲಿ ಕೂಡಿದಾಗಲೇ ಸರ್ಕಾರಗಳು ಬೇಗ ಸಹಿ ಹಾಕುತ್ತವೆ.

ಹಾಗೆಯೇ ಹೆಸರುಗಳಿಗೆ ಮೋಸ ಹೋಗಬೇಡಿ. 'ಪರಮಾಪ್ತ ರಾಷ್ಟ್ರ' ಎಂದರೆ ಬಹಳ ಬೇಕಾದವರು ಎಂದೇ ನಾನೂ ಎಷ್ಟೋ ವರ್ಷ ತಿಳಿದಿದ್ದೆ. ದೇಶಗಳ ನಡುವಿನ ವ್ಯಾಪಾರದ ಮೂಲ ನಿಯಮಗಳಿರುವ ಗ್ಯಾಟ್ ಒಪ್ಪಂದದ ಮೊದಲ ವಿಧಿ ಹೇಳುವುದು ಇಷ್ಟೇ: ಒಬ್ಬರಿಗೆ ಕೊಟ್ಟ ಸುಂಕದ ದರವನ್ನು ಉಳಿದ ಸದಸ್ಯರಿಗೂ ಕೊಡು. ಭಾರತ 1996ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟಿದ್ದು ಈ ಸಾಮಾನ್ಯ ಸ್ಥಾನವನ್ನೇ. 2019ರ ಫೆಬ್ರುವರಿ 14ರ ಪುಲ್ವಾಮಾ ದಾಳಿಯ ಮರುದಿನ ಅದನ್ನು ಹಿಂತೆಗೆದುಕೊಂಡು, ಅದರ ಬೆನ್ನಿಗೇ ಅಲ್ಲಿಂದ ಬರುವ ಎಲ್ಲ ಸರಕಿಗೆ ಶೇ 200 ಸುಂಕ ಹಾಕಿತು. ಇಲ್ಲಿ ಕೋಡ್ ನೋಡುವ ಕೆಲಸವೇ ಇಲ್ಲ. ಸರಕು ಆರಿಸದೆ ಎಲ್ಲದಕ್ಕೂ ಹಾಕಿದ್ದರೆ ಅಲ್ಲಿ ಚೌಕಾಸಿ ಮುಗಿದಿದೆ.

ಯಾವ ಬಾಗಿಲು ಮುಚ್ಚಿದರು

ಸುಂಕ ಏರಿಸಿದರೆ ಅದು ಬಹಿರಂಗ ಮಾತು. ಲ್ಯಾಬ್, ಪಶುವೈದ್ಯ ಪ್ರಮಾಣಪತ್ರ, ಲೇಬಲ್ ಇವುಗಳ ಮೂಲಕ ತಡೆದರೆ ನಾಳೆ ನಾವೇನೂ ಮಾಡಿಲ್ಲ ಎನ್ನಲು ದಾರಿಯಿರುತ್ತದೆ. 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಚೀನಾದ ಬಂಧಿತ ಲೇಖಕ ಲಿಯು ಶಿಯಾಬೊ ಅವರಿಗೆ ಬಂತು. ಪ್ರಶಸ್ತಿ ಕೊಡುವುದು ನಾರ್ವೆಯ ಸಮಿತಿ, ಸರ್ಕಾರವಲ್ಲ. ಆದರೂ ನಾರ್ವೆಯ ಸಾಮನ್ ಮೀನಿಗೆ ಚೀನಾದಲ್ಲಿ ತಪಾಸಣೆ ಬಿಗಿಯಾಯಿತು. ತಾಜಾ ಮೀನಿಗೆ ನಾಲ್ಕು ದಿನ ತಡವಾದರೆ ಸುಂಕ ಬೇಕೇ ಬೇಡ. ಆಮೇಲೆ ನಾರ್ವೆಯಿಂದ ವಿಯೆಟ್ನಾಂಗೆ ಹೋಗುವ ಸಾಮನ್ ಇದ್ದಕ್ಕಿದ್ದಂತೆ ಏರಿತು. ಇದನ್ನೂ ಅಂಕಿಅಂಶದಲ್ಲಿ ಹುಡುಕಿ. ಒಂದು ಬಾಗಿಲು ಮುಚ್ಚಿದಾಗ ನೆರೆಯ ದೇಶದ ಆಮದು ದಿಢೀರ್ ಏರಿದರೆ ಮಾಲು ಸುತ್ತುಹಾದಿ ಹಿಡಿದಿದೆ ಅಂತಲೇ. ಎರಡು ದೇಶಗಳು ಮತ್ತೆ ರಾಜಿಯಾದದ್ದು 2016ರ ಡಿಸೆಂಬರ್‌ನಲ್ಲಿ. ಆರು ವರ್ಷ.

ದುಡ್ಡು ಪಾವತಿಯ ಬಾಗಿಲನ್ನು ಪತ್ರಿಕೆಗಳು ಮರೆಯುತ್ತವೆ. ಮಾಲು ಹೋಗಬಹುದು, ದುಡ್ಡು ಬರದಿದ್ದರೆ ವ್ಯಾಪಾರ ನಿಂತಂತೆ. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ಲೆಕ್ಕ ತೀರಿಸುವ ವ್ಯವಸ್ಥೆ ಮಾಡಿತು. ಮರುವರ್ಷ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವರು, ಭಾರತದ ಬ್ಯಾಂಕುಗಳಲ್ಲಿ ನಮ್ಮ ಕೋಟಿಗಟ್ಟಲೆ ರೂಪಾಯಿ ಕೂತಿದೆ, ಬಳಸಲು ದಾರಿ ಬೇಕು ಎಂದರು. ರಷ್ಯಾ ಮಾರುವುದು ಬಹಳ, ನಮ್ಮಿಂದ ಕೊಳ್ಳುವುದು ಕಡಿಮೆ. ಸ್ನೇಹ ಎಷ್ಟೇ ಹಳೆಯದಿರಲಿ, ಲೆಕ್ಕದ ಪುಸ್ತಕ ಎರಡೂ ಕಡೆ ತೂಗದಿದ್ದರೆ ಹೀಗೇ ಆಗುವುದು.

ವಿನಾಯಿತಿಯ ಸಾಲು

ನಿಷೇಧದ ಸುದ್ದಿಯಲ್ಲಿ ಎಲ್ಲರೂ ಮೊದಲ ಪ್ಯಾರಾ ಓದುತ್ತಾರೆ. ನೀವು ಕೊನೆಯ ಪ್ಯಾರಾ ಓದಿ. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ್ದು ಪೂರ್ತಿ ಒಳಗಿನ ಬೆಲೆಯ ಕಾರಣಕ್ಕೆ. ಅಲ್ಲಿ ವಿದೇಶಾಂಗ ನೀತಿ ಹುಡುಕಿದರೆ ಸಿಗದು. ಅದು ಇದ್ದದ್ದು ಆಗಸ್ಟ್ ಕೊನೆಗೆ ಬಂದ ವಿನಾಯಿತಿಯಲ್ಲಿ: ಭೂತಾನ್‌ಗೆ 79,000 ಟನ್, ಸಿಂಗಪುರಕ್ಕೆ 50,000, ಮಾರಿಷಸ್‌ಗೆ 14,000. ಬೀಗ ಎಲ್ಲರಿಗೂ ಹಾಕಿ ಕೀಲಿ ಕೆಲವರಿಗೆ ಕೊಟ್ಟ ಹಾಗೆ.

ನನ್ನ ಪುಸ್ತಕದಲ್ಲಿ ನನಗೆ ಇಷ್ಟವಾದ ಪುಟ ಮಾಲ್ಡೀವ್ಸ್‌ನದು. 2024ರ ಮೊದಲ ತಿಂಗಳುಗಳಲ್ಲಿ ಅಲ್ಲಿನ ಹೊಸ ಅಧ್ಯಕ್ಷರು ಭಾರತದ ಸೈನಿಕರು ಮೇ 10ರೊಳಗೆ ಹೊರಡಬೇಕೆಂದಿದ್ದರು. ಸಂಬಂಧ ಹದಗೆಟ್ಟಿತ್ತು. ಏಪ್ರಿಲ್‌ನಲ್ಲಿ ಭಾರತ 1981ರ ಒಪ್ಪಂದದಡಿ ಆ ದೇಶಕ್ಕೆ ಕಳಿಸುವ ಅಗತ್ಯ ವಸ್ತುಗಳ ಕೋಟಾ ಪ್ರಕಟಿಸಿತು. ಕಡಿತ ಮಾಡಿರಬಹುದು ಎಂದುಕೊಂಡೇ ನಾನು ಓದಲು ಕೂತೆ. ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಸಕ್ಕರೆ, ಅಕ್ಕಿ, ಗೋಧಿಹಿಟ್ಟು, ಬೇಳೆ ಶೇ 5 ಹೆಚ್ಚು. ಮರಳು ಮತ್ತು ಜಲ್ಲಿ ಶೇ 25 ಹೆಚ್ಚು, ತಲಾ ಹತ್ತು ಲಕ್ಷ ಟನ್. ಒಪ್ಪಂದ ಶುರುವಾದಾಗಿನಿಂದ ಅದೇ ಅತಿ ದೊಡ್ಡ ಕೋಟಾ. ಜಗಳದ ನಡುವೆ ಇಷ್ಟು ಧಾರಾಳವಾಗಿ ಕೊಟ್ಟದ್ದಕ್ಕೆ ಭಾಷಣ ಬೇಕಾಗಲಿಲ್ಲ. ಕಟ್ಟಡ ಕಟ್ಟುವ ಮರಳು ಎಲ್ಲಿಂದ ಬರುತ್ತಿದೆ ಎಂದು ದ್ವೀಪದಲ್ಲಿರುವವರಿಗೆ ಗೊತ್ತಿತ್ತು.

ಒಪ್ಪಂದಗಳನ್ನು ಹಿಂದಿನಿಂದ ಓದಿ

ಮುಕ್ತ ವ್ಯಾಪಾರ ಒಪ್ಪಂದದ ಮೊದಲ ಪುಟಗಳಲ್ಲಿ ಸ್ನೇಹ, ಸಮೃದ್ಧಿ, ಹಂಚಿಕೊಂಡ ಮೌಲ್ಯಗಳು ಇರುತ್ತವೆ. ಹಾರಿಸಿ. ಎಲ್ಲ ಒಪ್ಪಂದಗಳೂ ಹಿಂದೆ ಇಷ್ಟು ದಪ್ಪ ಇರಲಿಲ್ಲ ಅನ್ನಿ. 1703ರ ಡಿಸೆಂಬರ್‌ನಲ್ಲಿ ಇಂಗ್ಲೆಂಡೂ ಪೋರ್ಚುಗಲ್ಲೂ ಮಾಡಿಕೊಂಡ ಮೆಥ್ಯುಯನ್ ಒಪ್ಪಂದದಲ್ಲಿ ಮೂರೇ ವಿಧಿ. ಇಂಗ್ಲೆಂಡಿನ ಮಾತು ಇಷ್ಟೇ: ನಮ್ಮ ಉಣ್ಣೆಬಟ್ಟೆ ನೀವು ಕೊಳ್ಳಿ, ನಿಮ್ಮ ವೈನ್‌ಗೆ ಫ್ರಾನ್ಸಿನ ವೈನ್‌ಗಿಂತ ಮೂರನೇ ಒಂದು ಭಾಗ ಸುಂಕ ಕಡಿಮೆ. ಫ್ರಾನ್ಸ್ ಜೊತೆ ಯುದ್ಧ ನಡೆಯುತ್ತಿತ್ತು. ಯಾರ ವಿರುದ್ಧ ಯಾರು ಎಂಬುದು ಆ ಸುಂಕದ ಸಾಲಿನಲ್ಲೇ ಇದೆ.

ಈಗಿನ ಒಪ್ಪಂದಗಳಲ್ಲಿ ಅದೇ ಸಾಲು ಅನುಬಂಧದ ಒಳಗೆ ಎಲ್ಲೋ ಹುದುಗಿರುತ್ತದೆ. ಮೂರು ಹುಡುಕಿ: ಹೊರಗಿಟ್ಟ ಸರಕುಗಳು, ಸುಂಕ ಇಳಿಯುವ ವರ್ಷಗಳ ಲೆಕ್ಕ, ಮೂಲದ ನಿಯಮ (ಸರಕು ಯಾವ ದೇಶದ್ದೆಂದು ತೀರ್ಮಾನಿಸುವುದು). 2022ರ ಏಪ್ರಿಲ್‌ನಲ್ಲಿ ಸಹಿಯಾದ ಭಾರತ–ಆಸ್ಟ್ರೇಲಿಯಾ ಒಪ್ಪಂದದಲ್ಲಿ ವೈನ್‌ನ ಸಾಲು ತೆರೆದೆ. ಬಾಟಲಿಗೆ 5 ಡಾಲರ್‌ಗಿಂತ ಕಡಿಮೆ ಬೆಲೆಯದ್ದಕ್ಕೆ ಹಳೆಯ ಶೇ 150 ಸುಂಕವೇ. 5 ಡಾಲರ್ ದಾಟಿದರೆ 100, ಹತ್ತು ವರ್ಷದಲ್ಲಿ 50. 15 ಡಾಲರ್ ದಾಟಿದರೆ 75, ಕೊನೆಗೆ 25. ಒಂದೇ ದ್ರಾಕ್ಷಿರಸಕ್ಕೆ ಮೂರು ಬಾಗಿಲು. ಅಗ್ಗದ ಬಾಟಲಿ ತಡೆದದ್ದು ಇಲ್ಲಿನ ದ್ರಾಕ್ಷಿ ಬೆಳೆಗಾರರಿಗಾಗಿ. ದುಬಾರಿ ಬಾಟಲಿ ಬಿಟ್ಟದ್ದು ಯಾಕೆ? ದಿನಾಂಕ ನೋಡಿ. ಚೀನಾದ ಮಾರುಕಟ್ಟೆ ಕಳೆದುಕೊಂಡು ಆಸ್ಟ್ರೇಲಿಯಾದ ವೈನ್ ತಯಾರಕರು ಹೊಸ ಗಿರಾಕಿ ಹುಡುಕುತ್ತಿದ್ದ ಕಾಲ ಅದು. ಹಾಲಿನ ಉತ್ಪನ್ನಗಳನ್ನು ಪೂರ್ತಿ ಹೊರಗಿಟ್ಟಿದ್ದಾರೆ, ಅಲ್ಲಿ ಸ್ನೇಹದ ಮಾತೇ ಇಲ್ಲ.

ಐದನೇ ಕಾಲಂ ತುಂಬುವಾಗ

ನಿರ್ಬಂಧ ಹಾಕಿದ ದಿನ ಇರುವ ಗದ್ದಲ ತೆಗೆದ ದಿನ ಇರುವುದಿಲ್ಲ. ನೀವೇ ಹುಡುಕಿ ಬರೆಯಬೇಕು. ಆಸ್ಟ್ರೇಲಿಯಾದ ಬಾರ್ಲಿ ಸುಂಕ 2023ರ ಆಗಸ್ಟ್‌ನಲ್ಲಿ ಹೋಯಿತು, ವೈನಿನದು 2024ರ ಮಾರ್ಚ್‌ನಲ್ಲಿ, ಲಾಬ್‌ಸ್ಟರ್ ಆ ವರ್ಷದ ಕೊನೆಗೆ. ಈ ಕ್ರಮ ನೋಡಿ, ಒಂದೊಂದನ್ನೇ ಬಿಡುತ್ತ ಬಂದಿದ್ದಾರೆ. ಪ್ರತಿ ಸಲವೂ ಎದುರಿನಿಂದ ಏನೋ ಪಡೆದಿರುತ್ತಾರೆ. ಬಾರ್ಲಿಯ ಮೊದಲು ಆಸ್ಟ್ರೇಲಿಯಾ ವಿಶ್ವ ವ್ಯಾಪಾರ ಸಂಸ್ಥೆಯ ದೂರನ್ನು ತಡೆಹಿಡಿದಿತ್ತು.

ತೆರೆದ ಮೇಲೆ ವ್ಯಾಪಾರ ಹಳೆಯ ಜಾಗಕ್ಕೇ ಬರುತ್ತದೆ ಎಂಬ ನಂಬಿಕೆ ಬೇಡ. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ನಿಲ್ಲಿಸಿತು, ಕೀಟನಾಶಕದ ನೆಪ. ಜಾರ್ಜಿಯಾದ ವೈನ್ ರಫ್ತಿನ ಬಹುಪಾಲು ಅಲ್ಲಿಗೇ ಹೋಗುತ್ತಿತ್ತು. 2013ರಲ್ಲಿ ತೆರೆಯುವ ಹೊತ್ತಿಗೆ ಅವರು ಗುಣಮಟ್ಟ ಸುಧಾರಿಸಿಕೊಂಡು ಬೇರೆ ಬೇರೆ ದೇಶಗಳಿಗೆ ಮಾರುವುದನ್ನು ಕಲಿತಿದ್ದರು. ಅದೇ 2013ರಲ್ಲಿ ಮಾಲ್ಡೋವಾ ಐರೋಪ್ಯ ಒಕ್ಕೂಟದತ್ತ ವಾಲುತ್ತಿದ್ದಾಗ ಅದರ ವೈನ್‌ಗೂ ರಷ್ಯಾ ಬಾಗಿಲು ಹಾಕಿತು. 2014ರ ಜನವರಿಯಿಂದ ಒಕ್ಕೂಟ ತನ್ನ ಬಾಗಿಲು ತೆರೆಯಿತು. ಹಾಗಾಗಿ ಒಬ್ಬರು ಮುಚ್ಚಿದ ಸುದ್ದಿ ಬರೆದ ಪುಟದಲ್ಲೇ ಮೂರನೆಯವರಿಗೂ ಸ್ವಲ್ಪ ಜಾಗ ಬಿಟ್ಟಿರಿ.

ನಾನು ಎಡವಿದ್ದು

ಈ ಅಭ್ಯಾಸ ಹತ್ತಿದ ಮೇಲೆ ಎಲ್ಲದರಲ್ಲೂ ರಾಜಕೀಯ ಕಾಣತೊಡಗುತ್ತದೆ. ನನಗೂ ಹಾಗಾಯಿತು. ಒಂದು ದೇಶ ಮತ್ತೊಂದು ದೇಶದ ಕೋಳಿಮಾಂಸ ನಿಲ್ಲಿಸಿದ ಸುದ್ದಿ ಬಂತು. ಹಿಂದಿನ ತಿಂಗಳಷ್ಟೇ ಇಬ್ಬರ ನಡುವೆ ಗಡಿಯ ಮಾತಿಗೆ ಮಾತು ಬೆಳೆದಿತ್ತು. ಕಾಲಂಗಳನ್ನು ಪಟಪಟ ತುಂಬಿ ನಮ್ಮ ಮ್ಯಾನೇಜರ್ ಮುಂದೆ ಹಿಡಿದೆ. "ಇದು ಆರು ತಿಂಗಳಿಗೆ ಮುಗಿಯಲ್ಲ ಸಾರ್, ಸೇಡು ಇದು" ಅಂದೆ. ಅವರು ಕನ್ನಡಕ ಏರಿಸಿ, "ಪ್ಯಾರಿಸ್‌ನವರ ಪಟ್ಟಿ ನೋಡಿದಿರಾ?" ಅಂದರು. ವಿಶ್ವ ಪಶು ಆರೋಗ್ಯ ಸಂಸ್ಥೆಯ ಕಚೇರಿ ಪ್ಯಾರಿಸ್‌ನಲ್ಲಿದೆ, ಹಕ್ಕಿಜ್ವರದಂಥ ರೋಗ ಕಂಡ ದೇಶಗಳು ಅಲ್ಲಿಗೆ ವರದಿ ಮಾಡಬೇಕು. ನೋಡಿದರೆ ಮಾರುವ ದೇಶ ತಾನೇ ವರದಿ ಕೊಟ್ಟಿತ್ತು. ಇನ್ನೂ ಐದಾರು ದೇಶಗಳು ಅದೇ ವಾರ ನಿಲ್ಲಿಸಿದ್ದವು. ಏಳು ವಾರಕ್ಕೆ ತೆರೆಯಿತು.

ಈಗ ನಾಲ್ಕನೇ ಕಾಲಂ ತುಂಬುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಜಗಳವಿಲ್ಲದ ದೇಶಗಳೂ ಇದನ್ನೇ ಮಾಡಿವೆಯೇ? ಮಾಡಿದ್ದರೆ ಪೆನ್ನು ಕೆಳಗಿಡುತ್ತೇನೆ. ಆ ಕೋಳಿಯ ಸಾಲನ್ನು ಹರಿದು ಹಾಕಿಲ್ಲ. ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಮ್ಯಾನೇಜರ್ ಅವರ ಕೈಬರಹದಲ್ಲೇ 'ಪ್ಯಾರಿಸ್' ಎಂದು ಬರೆಸಿಕೊಂಡಿದ್ದೇನೆ.